ಪಾಯಾಳು ಚಂದ್ರಭಾಗಾಳ ಎಡಗಾಲು

ಎಕಂಬಾದ ಚಂದ್ರಭಾಗಾ ನಮ್ಮ ದವಾಖಾನೆಗೆ ಮೊದಲ ಸಲ ಬಂದದ್ದು ಬೆನ್ನು ತೋರಿಸಲಿಕ್ಕೆ ಅಲ್ಲ, ಸುಟ್ಟ ಬೆರಳು ತೋರಿಸಲಿಕ್ಕೆ. 1950ರ ದೀಪಾವಳಿ ಮುಗಿದ ವಾರ. ನಾನಾಗ ಬೀದರಿನ ಒಂದು ಮಿಶನ್ ದವಾಖಾನೆಯಲ್ಲಿ ನರ್ಸು. ಚಿದ್ರಿಯ ಸ್ಯಾಮ್ಯುಯೆಲ ಮಾಸ್ತರರ ಮಗಳು ದೇಬೋರಾ ಎಂದರೆ ಊರಿನವರಿಗೆ ಗೊತ್ತು. ನಮ್ಮ ಕಡೆ ನರ್ಸನ್ನು 'ಬಾಯಿ' ಎಂದು ಕರೆಯುತ್ತಾರೆ, ರೋಗಿಗಳಿಗೆ ನಾನು ಗಂಟುಮೋರೆಯ ಬಾಯಿ. ಆ ಹೆಸರನ್ನು ನಾನು ಸುಮ್ಮನೆ ಗಳಿಸಿರಲಿಲ್ಲ. ಸುಳ್ಳು ಹೇಳುವ ರೋಗಿ, ಅರ್ಧ ಔಷಧಿ ಚೆಲ್ಲುವ ರೋಗಿ, ಗಾಯಕ್ಕೆ ಸಗಣಿ ಮೆತ್ತಿಕೊಂಡು ಬರುವ ರೋಗಿ, ಇವರನ್ನೆಲ್ಲ ನಾನು ಬೈಯದೆ ಬಿಟ್ಟವಳಲ್ಲ.

ಆಕೆಯ ಎಡಗಾಲಿನ ಹೆಬ್ಬೆರಳ ತುದಿ ಕರಕಾಗಿತ್ತು. "ಹ್ಯಾಂಗ ಸುಟ್ಟುಕೊಂಡ್ರಿ ಅವ್ವಾ?" ಎಂದೆ.

"ಒಲಿ ಮುಂದ ಕೂತಿದ್ದೆ. ಕೆಂಡದ ಮ್ಯಾಲ ಬೆರಳು ಇಟ್ಟಿದ್ದೆನಂತ. ನನಗ ಗೊತ್ತಿಲ್ಲ. ವಾಸನಿ ಬಂತಂತ ನಮ್ಮ ಅನ್ವರಿ ಒದರಿದಳು," ಎಂದಳು. ಆಮೇಲೆ ನನ್ನ ಕೈಯೊಳಗಿದ್ದ ತನ್ನ ಕಾಲನ್ನು ಬೇರೆ ಯಾರದೋ ಕಾಲು ನೋಡುವಂತೆ ಬಗ್ಗಿ ನೋಡಿ ಕೇಳಿದಳು: "ಬಾಯಿ, ಕಾಲು ನಂದು. ಸುಟ್ಟಿದ್ದು ನಂದು. ನನಗ ಯಾಕ ತಿಳೀಲಿಲ್ಲ?"

ನೋವಿಲ್ಲದ ಗಾಯ ಕಂಡರೆ ಆ ಕಾಲದಲ್ಲಿ ನಮಗೆ ಮೊದಲು ನೆನಪಾಗುತ್ತಿದ್ದದ್ದು ಕುಷ್ಠರೋಗ. ಮೈಮೇಲೆ ಮಚ್ಚೆ ಹುಡುಕಿದೆವು, ಇರಲಿಲ್ಲ. ನಮ್ಮ ಡಾಕ್ಟರಮ್ಮ ರಬ್ಬರಿನ ಸಣ್ಣ ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ನರಕ್ಕೆ ತಟ್ಟಿದರು. ಬಲಗಾಲು ಚಿಮ್ಮಿತು. ಎಡಗಾಲು ಸುಮ್ಮನೆ ಬಿದ್ದಿತ್ತು. ಪಾದವನ್ನು ಮೇಲಕ್ಕೆತ್ತಲು ಹೇಳಿದರೆ ಬಲಗಾಲು ಮಾತ್ರ ಎತ್ತಿದಳು. ಡಾಕ್ಟರಮ್ಮ ಎಡಗಾಲನ್ನು ನೆಟ್ಟಗೆ ಮೇಲೆತ್ತಿದಾಗ ಸೊಂಟ ಹಿಡಿದುಕೊಂಡು ಚೀರಿದಳು.

"ಇದು ಕಾಲಿನ ರೋಗ ಅಲ್ಲ. ಬೆನ್ನಿಂದು," ಎಂದರು ಡಾಕ್ಟರಮ್ಮ.

ಚೀರಿದವಳು ಅದನ್ನು ಕೇಳಿ ನಗಲಿಕ್ಕೆ ಶುರುಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇವಳಿಗೆ ತಲೆ ಕೆಟ್ಟಿದೆಯೇ ಎಂದು ನಾನು ನೋಡುತ್ತಿದ್ದರೆ, ಜೊತೆಗೆ ಬಂದಿದ್ದ ನೆರೆಮನೆಯ ಅನ್ವರಿ ಬೇಗಂ ವಿವರಿಸಿದಳು: "ಯಾಕ ನಗ್ತಾಳ ಅಂದ್ರ ಬಾಯಿ, ಔರಾದ ತಾಲೂಕಿನಾಗ ಯಾರಿಗಿ ಬೆನ್ನು ಹಿಡಿದ್ರೂ ಇಕಿ ಹಂತೇಲಿ ಬರ್ತಾರ. ಇಕಿ ಪಾಯಾಳು."

ಪಾಯಾಳು ಎಂದರೆ ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರು. ಮರಾಠಿ ಕಡೆಯಿಂದ ಬಂದ ಮಾತು. ಅಂಥವರ ಕಾಲು ತಾಗಿದರೆ ಹಿಡಿದ ಬೆನ್ನು ಬಿಡುತ್ತದೆ ಎಂದು ನಮ್ಮ ಸೀಮೆಯ ನಂಬಿಕೆ. ಅವರಿಗೆ ನೆಲದೊಳಗೆ ಹೂತಿಟ್ಟದ್ದು ಕಾಣುತ್ತದೆ ಎಂದೂ ಹೇಳುತ್ತಾರೆ. ನಾನು ಅಂಥ ಹೆರಿಗೆಗಳನ್ನು ಮಾಡಿಸಿದವಳು. ಕೈಗೆ ತಲೆಯ ಬದಲು ಪಾದ ಸಿಕ್ಕಾಗ ಮಂತ್ರಶಕ್ತಿ ಹುಟ್ಟುತ್ತಿದೆ ಎಂದು ನನಗೆ ಎಂದೂ ಅನ್ನಿಸಿಲ್ಲ. ತಾಯಿ ಉಳಿದರೆ ಸಾಕು ಅನ್ನಿಸಿದೆ. ಹಾಗಾಗಿ ಮೂಗು ಮುರಿದೆ.

ಚಂದ್ರಭಾಗಾ ನನ್ನ ಮೂಗನ್ನು ಗಮನಿಸಿದಳು. ಕೋಪ ಮಾಡಿಕೊಳ್ಳಲಿಲ್ಲ. ಡ್ರೆಸ್ಸಿಂಗ್ ಮುಗಿಯುವವರೆಗೆ ತನ್ನ ಕೆಲಸದ ರೀತಿ ಹೇಳಿದಳು. ಬೆನ್ನು ಹಿಡಿದವರು ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಹೊಸ್ತಿಲ ಮುಂದೆ ಬೋರಲು ಮಲಗಬೇಕು. ಆಕೆ ಎಡಗಾಲಿನ ಹೆಬ್ಬೆರಳನ್ನು ಮೂರು ಸಲ ಇಡುತ್ತಾಳೆ. ಇಬ್ಬರೂ ಮಾತಾಡುವಂತಿಲ್ಲ. ಎದ್ದವರು ತಿರುಗಿ ನೋಡದೆ ಹೋಗಬೇಕು. ಮುಖ್ಯವಾದದ್ದು ಇನ್ನೊಂದಿತ್ತು. ವಾಸಿಯಾಯಿತೋ ಇಲ್ಲವೋ ಎಂದು ಮರಳಿ ಬಂದು ಪಾಯಾಳುವಿಗೆ ಹೇಳಬಾರದು. ಹೇಳಿದರೆ ನೋವು ಹಿಂದಕ್ಕೆ ಬರುತ್ತದೆ.

"ಮೂವತ್ತು ವರ್ಷ ಆಯ್ತು ಬಾಯಿ. ಎಷ್ಟ ಬೆನ್ನು ಮುಟ್ಟೀನಿ ಲೆಕ್ಕಿಲ್ಲ. ಒಬ್ಬರದರ ನಟ್ಟಗ ಆಯ್ತೋ ಇಲ್ಲೋ ನನಗ ಗೊತ್ತಿಲ್ಲ. ಯಾರೂ ಹೇಳಂಗಿಲ್ಲ, ನಾ ಕೇಳಂಗಿಲ್ಲ," ಎಂದಳು.

ಆ ಮಾತು ಮಾತ್ರ ನನಗೆ ಚುಚ್ಚಿತು. ಮೂವತ್ತು ವರ್ಷ ಒಂದು ಕೆಲಸ ಮಾಡಿ, ಅದು ಫಲಿಸಿತೇ ಎಂದು ತಿಳಿಯದೆ ಇರುವುದು ನನ್ನ ಕೈಲಿ ಆಗುತ್ತಿರಲಿಲ್ಲ. ಆಕೆಗೂ ಅದು ಸುಲಭವಾಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಆಕೆಗಿದ್ದ ಒಂದೇ ಆಸರೆ ಆ ಬೆರಳು. ಯಾವ ಬೆನ್ನಿನ ಮಾಂಸ ಗಂಟು ಕಟ್ಟಿದೆ, ಯಾವ ಮಣಿ ಏರಿದೆ, ಯಾವ ಬೆನ್ನು ಬಿಸಿ, ಯಾವುದು ತಣ್ಣಗೆ, ಎಲ್ಲವನ್ನೂ ಬೆರಳಿಂದ ತಿಳಿಯುತ್ತಿದ್ದಳು. ಈಗ ಆ ಬೆರಳಿಗೇ ಕೆಂಡ ತಿಳಿಯುತ್ತಿರಲಿಲ್ಲ.

ರೋಗ ಹುಟ್ಟಿದ್ದು ಎಲ್ಲಿಂದ ಎಂದು ಡಾಕ್ಟರಮ್ಮ ಕೆದಕಿ ಕೇಳಿದರು. ಎರಡು ವರ್ಷ ಹಿಂದೆ, ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ ಪೊಲೀಸ್ ಆಕ್ಷನ್ ನಡೆದ ವಾರ ಬಿದ್ದದ್ದು ಎಂದಳು. ಆ ಸೆಪ್ಟೆಂಬರದಲ್ಲಿ ನಮ್ಮ ಕಡೆ ಯಾರು ಯಾರ ಮೇಲೆ ಬಿದ್ದರು ಎಂಬುದನ್ನು ಇವತ್ತಿಗೂ ಜನ ಬಾಯಿ ಬಿಟ್ಟು ಹೇಳುವುದಿಲ್ಲ. ಗಂಡ ಸತ್ತಿದ್ದ ಅನ್ವರಿ ಬೇಗಂ ತನ್ನ ಒಡವೆಗಳನ್ನು ಬಟ್ಟೆಯಲ್ಲಿ ಕಟ್ಟಿ ಚಂದ್ರಭಾಗಾಳ ಕುರಿದಡ್ಡಿಯಲ್ಲಿ, ಹಿಕ್ಕೆಯ ಕೆಳಗೆ ಹೂತಿದ್ದಳು. ಹೂಳಲು ಗುಳಿ ತೋಡಿದವಳು ಚಂದ್ರಭಾಗಾ. ಮೂರನೆಯ ದಿನ ಮುಖಕ್ಕೆ ವಸ್ತ್ರ ಸುತ್ತಿಕೊಂಡ ನಾಲ್ವರು ಬಂದು ಚಂದ್ರಭಾಗಾಳನ್ನು ಹಿಡಿದರು. ನೀನು ಪಾಯಾಳು, ನಿನಗೆ ನೆಲದೊಳಗಿನದು ಕಾಣುತ್ತದೆ, ಈ ಊರವರು ಹೂತಿಟ್ಟದ್ದನ್ನು ತೋರಿಸು ಎಂದರು.

"ಕಾಣ್ತದ ಅಂದೆ. ಬರ್ರಿ ಅಂದೆ," ಎಂದು ಆಕೆ ಹೇಳುವಾಗ ಅನ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕುರಿದಡ್ಡಿಯೊಂದನ್ನು ಬಿಟ್ಟು ಎಕಂಬಾದ ಹೊಲಗಳನ್ನೆಲ್ಲ ಅವರಿಗೆ ಸುತ್ತಿಸಿದಳಂತೆ. ಇಲ್ಲಿ ಅಗಿಯಿರಿ, ಅಲ್ಲಿ ಅಗಿಯಿರಿ ಎಂದಳು. ಮಧ್ಯಾಹ್ನದ ಹೊತ್ತಿಗೆ ಯಾರದೋ ಹಗೇವಿನ ಮೇಲೆ ಕಾಲಿಟ್ಟಳು. ಜೋಳ ತುಂಬಿಡುವ ಆ ಗುಳಿಯನ್ನು ಆಗಲೇ ಯಾರೋ ಖಾಲಿ ಮಾಡಿ ಬಾಯಿಗೆ ಬರೀ ಜೋಳದ ಒಣ ದಂಟು, ಕಣಿಕೆ ಹರವಿದ್ದರು. ಎರಡಾಳು ಆಳಕ್ಕೆ, ಕೂತಂತೆಯೇ ಹೋಗಿ ಬಿದ್ದಳು. ಪಾಯಾಳುವನ್ನು ಭೂಮಿ ನುಂಗಿತೆಂದು ಹೆದರಿ ಆ ನಾಲ್ವರೂ ಓಡಿದರು. ಸಂಜೆಗೆ ಗಂಡ ಮಡೆಪ್ಪ ಹಗ್ಗ ಬಿಟ್ಟು ಮೇಲೆತ್ತಿದ.

ಬೆನ್ನಿನ ನೋವು ಅಲ್ಲಿಂದ ಶುರು. ಮೊದಲು ಸೊಂಟ, ಆಮೇಲೆ ತೊಡೆಯ ಹಿಂದಿನಿಂದ ಕಾಲಿಗೆ ಇಳಿಯುವ ಸೆಳೆತ, ಆಮೇಲೆ ಜೋಮು. ಪಾಯಾಳುವಿಗೆ ತನ್ನ ಬೆನ್ನಿಗೆ ತಾನೇ ಕಾಲಿಡಲಾಗದು. ಅದಕ್ಕಾಗಿ ಮಡೆಪ್ಪ ಭಾಲ್ಕಿಯಲ್ಲಿ ಇನ್ನೊಬ್ಬ ಪಾಯಾಳು ಇದ್ದಾನೆಂದು ಪತ್ತೆ ಹಚ್ಚಿ, ಬಂಡಿಯಲ್ಲಿ ಕಂಬಳಿ ಹಾಸಿ ಆಕೆಯನ್ನು ಕರೆದುಕೊಂಡು ಹೋದ. ಪಂಢರಿ ಎಂಬ ಆ ಮನುಷ್ಯ ಇವಳು ಯಾರೆಂದು ಕೇಳಿದವನೇ ಬಾಗಿಲು ಹಾಕಿಕೊಂಡು ಬಂದು ಕೈಮುಗಿದನಂತೆ. ಅವನಿಗೂ ನಾಲ್ಕು ವರ್ಷದಿಂದ ಬೆನ್ನು ನೋವು. ಇನ್ನೊಬ್ಬ ಪಾಯಾಳು ಯಾವಾಗ ಸಿಕ್ಕಾರು ಎಂದು ಕಾಯುತ್ತಿದ್ದ. ಮೊದಲು ಆಕೆ ಮಲಗಿದಳು, ಅವನು ಕಾಲಿಟ್ಟ. ಆಮೇಲೆ ಅವನು ಮಲಗಿದ, ಆಕೆ ಕಾಲಿಟ್ಟಳು. ನಿಯಮದ ಪ್ರಕಾರ ಇಬ್ಬರೂ ತಿರುಗಿ ನೋಡದೆ, ಒಬ್ಬರಿಗೊಬ್ಬರು ಏನೂ ಹೇಳದೆ ಬೇರೆಯಾದರು.

"ಅವಂದು ನಟ್ಟಗ ಆಯ್ತೋ ಏನೋ," ಎಂದಳು. ತನ್ನದು ಆಗಲಿಲ್ಲ ಎನ್ನುವುದು ಆ ಕ್ಷಣಕ್ಕೆ ಆಕೆಗೆ ನೆನಪೇ ಇದ್ದಂತೆ ಕಾಣಲಿಲ್ಲ.

ಸುಟ್ಟ ಗಾಯ ಮಾಯಿತು. ಆದರೆ ಸಂಕ್ರಾಂತಿಯ ಹೊತ್ತಿಗೆ ಆಕೆ ಮರಳಿ ಬಂದಾಗ ಎಡಪಾದ ನೆಲಕ್ಕೆ ಎಳೆಯುತ್ತಿತ್ತು, ಮೂತ್ರ ತಡೆದು ತಡೆದು ಬರುತ್ತಿತ್ತು. ಡಾಕ್ಟರಮ್ಮನ ಮುಖ ಬಿಗಿಯಿತು. ಮೂತ್ರಕ್ಕೆ ಬಂತೆಂದರೆ ತಡಮಾಡುವಂತಿಲ್ಲ, ಹೈದರಾಬಾದಿಗೆ ಹೋಗಬೇಕು, ಬೆನ್ನು ತೆರೆಯಬೇಕು ಎಂದರು. ಎಕಂಬಾದಲ್ಲಿ ಇದು ದೊಡ್ಡ ಸುದ್ದಿಯಾಯಿತು. ಪಾಯಾಳುವಿನ ಬೆನ್ನು ಕೊಯ್ದರೆ ಕಾಲಿನ ಗುಣ ಆ ಗಾಯದಿಂದ ಹರಿದುಹೋಗುತ್ತದೆ ಎಂದು ಹಿರಿಯರು ಹೇಳಿದರು. ಮಡೆಪ್ಪ ಅತ್ತ ಕುರಿ ಬಿಡಲಾರದೆ, ಇತ್ತ ಹೆಂಡತಿಯನ್ನು ಬಿಡಲಾರದೆ ತಲೆಯ ಮೇಲೆ ಕೈಹೊತ್ತು ಕೂತ. ಚಂದ್ರಭಾಗಾ ಮಾತ್ರ ನನ್ನನ್ನು ಒಂದೇ ಮಾತು ಕೇಳಿದಳು.

"ಕೊಯ್ದ ಮ್ಯಾಲ ನನ್ನ ಕಾಲಿಗಿ ನೆಲ ತಿಳೀತದೇನ್ ಬಾಯಿ?"

"ಗೊತ್ತಿಲ್ಲ ಅವ್ವಾ. ಕೊಯ್ಯಲಿಲ್ಲ ಅಂದ್ರ ಇರೋದೂ ಹೋಗ್ತದ, ಅದು ಗೊತ್ತದ," ಎಂದೆ.

"ಹಂಗಾದ್ರ ಹೋಗೋಣು. ಒಳಗ ಏನದ ಅಂತರ ತಿಳೀತದ," ಎಂದಳು. ತಿಂಗಳುಗಟ್ಟಲೆ ಜೊತೆಗಿರಲು ಅನ್ವರಿ ಬೇಗಂ ಹೊರಟು ನಿಂತಳು. ಹೈದರಾಬಾದಿನಲ್ಲಿ ಉರ್ದು ಬೇಕು, ತನಗೆ ಬರುತ್ತದೆ ಎಂದು ಕಾರಣ ಕೊಟ್ಟಳು. ನಿಜವಾದ ಕಾರಣ ಕುರಿದಡ್ಡಿಯಲ್ಲಿತ್ತು, ಅದು ಮೂವರಿಗೂ ಗೊತ್ತಿತ್ತು. ಇಂಥ ಆಪರೇಷನ್ ಆದವರನ್ನು ನೋಡಿಕೊಳ್ಳುವ ಬಗೆ ಕಲಿತು ಬಾ ಎಂದು ಡಾಕ್ಟರಮ್ಮ ನನ್ನನ್ನೂ ಕಳಿಸಿದರು. ವಿಕಾರಾಬಾದಿನ ರೈಲಿನಲ್ಲಿ ಆಕೆಯನ್ನು ಹಲಗೆಯ ಮೇಲೆ ಮಲಗಿಸಿ ಒಯ್ದೆವು.

ಅಲ್ಲಿನ ಸರ್ಜನ್ನರು ಡಾಕ್ಟರ್ ಅಬ್ದುಲ ವಾಹೀದ. ಬೆನ್ನಿನ ಕೆಳಗೆ ಸೂಜಿ ಚುಚ್ಚಿ ಎಣ್ಣೆಯಂಥ ಒಂದು ಔಷಧ ಒಳಗೆ ಬಿಟ್ಟು, ಮೇಜನ್ನು ತಲೆಯ ಕಡೆಗೊಮ್ಮೆ ಕಾಲಿನ ಕಡೆಗೊಮ್ಮೆ ಓರೆ ಮಾಡಿ ಎಕ್ಸ್‌ರೇ ತೆಗೆದರು. ಔಷಧ ಕೆಳಗಿಳಿಯುತ್ತ ಒಂದು ಕಡೆ ತಡೆದು ನಿಂತದ್ದು ಚಿತ್ರದಲ್ಲಿ ಸ್ಪಷ್ಟವಾಗಿತ್ತು. ಚಂದ್ರಭಾಗಾ ಆ ಚಿತ್ರವನ್ನು ಕಿಟಕಿಗೆ ಹಿಡಿಸಿ ನೋಡಿದಳು. ತನ್ನ ಬೆನ್ನಿನ ಮಣಿಗಳನ್ನು ಒಂದೊಂದಾಗಿ ಎಣಿಸಿದಳು. ಬೆರಳಿಗೆ ಪರಿಚಯವಿದ್ದದ್ದು ಕಣ್ಣಿಗೆ ಕಂಡದ್ದು ಅದೇ ಮೊದಲು.

ಡಾಕ್ಟರು ಉರ್ದುವಿನಲ್ಲಿ ಹೇಳಿದರು, ಅನ್ವರಿ ಕನ್ನಡ ಮಾಡಿದಳು. ಮಣಿ ಮಣಿಯ ನಡುವೆ ಮೆತ್ತೆಯಂಥದ್ದು ಇರುತ್ತದೆ. ಬಿದ್ದ ಪೆಟ್ಟಿಗೆ ನಿನ್ನ ಮೆತ್ತೆಯೊಂದು ಹಿಂದಕ್ಕೆ ಜಾರಿದೆ. ಹಿಂದೆ ಕಾಲಿಗೆ ಹೋಗುವ ನರಗಳ ಸಂದಿ ಇದೆ, ಸಂದಿಯ ಮೇಲೆ, ಮನೆಗೆ ಸೂರಿದ್ದಂತೆ, ಎಲುಬಿನ ಮಾಳಿಗೆ. ನರಗಳು ಮೆತ್ತೆಗೂ ಮಾಳಿಗೆಗೂ ನಡುವೆ ಸಿಕ್ಕಿಬಿದ್ದಿವೆ. ಮಾಳಿಗೆ ತೆಗೆದು, ಜಾರಿದ್ದನ್ನು ತೆಗೆದರೆ ನರಗಳಿಗೆ ಉಸಿರು ಬರುತ್ತದೆ. ಈ ಮಾಳಿಗೆ ತೆಗೆಯುವುದಕ್ಕೇ ಲ್ಯಾಮಿನೆಕ್ಟಮಿ ಎಂದು ಹೆಸರು.

"ಮಾಳಗಿ ತೆಗದ್ರ ಮಳಿ ಬಂದಾಗ?" ಎಂದಳು ಚಂದ್ರಭಾಗಾ.

ಡಾಕ್ಟರು ನಕ್ಕು, ಮೇಲೆ ದಪ್ಪನೆಯ ಮಾಂಸವಿದೆ, ಅದನ್ನೇ ಕೌದಿಯಂತೆ ಹೊದಿಸಿ ಹೊಲಿಯುತ್ತೇನೆ ಎಂದರು. ಬಳಿಕ ನಗು ನಿಲ್ಲಿಸಿ ಇನ್ನೆರಡು ಮಾತು ಹೇಳಿದರು. ಅನ್ವರಿ ಅವನ್ನು ಕನ್ನಡ ಮಾಡಲಿಲ್ಲ. "ಎಲ್ಲಾ ನಟ್ಟಗ ಆಗ್ತದಂತ," ಎಂದುಬಿಟ್ಟಳು.

ನನಗೆ ಉರ್ದು ಬರುತ್ತದೆ ಎಂಬುದನ್ನು ಆಕೆ ಮರೆತಿದ್ದಳು. "ಡಾಕ್ಟರ್ ಸಾಹೇಬ್ರು ಹಂಗ ಅಂದಿಲ್ಲ," ಎಂದೆ. "ಕಾಲಿನ ಸೆಳೆತ ಹೋಗ್ತದ ಅಂದ್ರು. ಮೂತ್ರ ಸುಧಾರಿಸಬಹುದು ಅಂದ್ರು. ಆದ್ರ ಭಾಳ ದಿನ ನರ ಅದುಮಿದ್ದಕ್ಕ ಜೋಮು ಹೋಗ್ಲಿಕ್ಕ ವರ್ಷ ಹಿಡೀಬಹುದು, ಹೋಗದೇನೂ ಇರಬಹುದು ಅಂದ್ರು." ಅನ್ವರಿ ನನ್ನನ್ನು ನುಂಗುವ ಹಾಗೆ ನೋಡಿದಳು. ಆ ಇಡೀ ದಿನ ನನ್ನ ಜೊತೆ ಮಾತು ಬಿಟ್ಟಳು. ಚಂದ್ರಭಾಗಾ ನನ್ನ ಕೈ ಹಿಡಿದಳು. "ನೀ ಚಲೋ ಮಾಡ್ದಿ. ನನಗ ಯಾರೂ ಹೇಳಂಗಿಲ್ಲ," ಎಂದಳು.

ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ನಿಲ್ಲಲು ನನಗೆ ಅಪ್ಪಣೆ ಸಿಕ್ಕಿತು. ಈಥರ್ ಕೊಟ್ಟು ನಿದ್ದೆ ಬರಿಸಿ, ಎದೆಯ ಕೆಳಗೊಂದು ಸೊಂಟದ ಕೆಳಗೊಂದು ದಿಂಬಿಟ್ಟು ಬೋರಲು ಮಲಗಿಸಿದರು. ಅವಳ ಹೊಸ್ತಿಲ ಮುಂದೆ ಮಲಗಿದವರೆಲ್ಲ ಹಾಗೆಯೇ ಮಲಗಿರಬೇಕು ಎಂದು ನನಗೆ ಅನ್ನಿಸಿತು. ಗೇಣುದ್ದ ಕೊಯ್ದರು, ಮಾಂಸವನ್ನು ಎರಡೂ ಬದಿಗೆ ಸರಿಸಿದರು. ಇಕ್ಕಳದಂಥ ಆಯುಧದಿಂದ ಎಲುಬನ್ನು ಚೂರು ಚೂರಾಗಿ ಕಡಿದು ತೆಗೆದರು. ಎರಡೂವರೆ ತಾಸು ಹಿಡಿಯಿತು. ಅಷ್ಟು ಹೊತ್ತು ನಾನು ನೋಡಿದ್ದು ಬೆನ್ನನ್ನಲ್ಲ, ಹಸಿರು ಬಟ್ಟೆಯ ಹೊರಗೆ ಚಾಚಿಕೊಂಡಿದ್ದ ಎಡಪಾದವನ್ನು.

ಎಚ್ಚರವಾದಾಗ ವಾಂತಿ ಮಾಡಿಕೊಂಡಳು, ನೀರು ಕೇಳಿದಳು. ಆಮೇಲೆ ಹೇಳಿದ ಮೊದಲ ಪೂರ್ತಿ ಮಾತು, "ಕಾಲಿನ ಸೆಳೆತ ಎಲ್ಲಿ ಹೋಯ್ತು?" ಗಾಯ ಉರಿಯುತ್ತಿತ್ತು, ಆದರೆ ಎರಡು ವರ್ಷದ ಸೆಳೆತ ಅಲ್ಲಿರಲಿಲ್ಲ. ಬೆರಳು ಆಡಿಸು ಎಂದರೆ ಎಡಗಾಲಿನ ಬೆರಳುಗಳು ತುಸುವೇ ಅಲುಗಿದವು. ಮುಟ್ಟಿದರೆ ಮಾತ್ರ ತಿಳಿಯುತ್ತಿರಲಿಲ್ಲ.

ಮರುದಿನ ಆಕೆ ತನ್ನ ಎಲುಬು ತೋರಿಸಿರೆಂದು ಹಟ ಹಿಡಿದಳು. ಡಾಕ್ಟರು ಗೊಣಗುತ್ತ ಸೀಸೆಯೊಂದನ್ನು ಕಳಿಸಿದರು. ಒಳಗೆ ಉಗುರಿನಷ್ಟು ಗಾತ್ರದ ಎಲುಬಿನ ಚೂರುಗಳು, ಜೊತೆಗೆ ಹಸಿ ಕೊಬ್ಬರಿಯ ತುರಿಯಂಥ ಒಂದಿಷ್ಟು ಬಿಳಿ. ಆ ಬಿಳಿಯೇ ಜಾರಿದ ಮೆತ್ತೆ. "ಇಷ್ಟಽ ಏನು? ಇಷ್ಟಕ್ಕ ಇಷ್ಟ ದಿನ ಕುಣಿಸ್ತು?" ಎಂದು ಸೀಸೆಯನ್ನು ಬೈದಳು.

ಆ ಮೂರು ವಾರ ನಾನು ಕಲಿತದ್ದನ್ನು ಆಮೇಲೆ ಮೂವತ್ತು ವರ್ಷ ಇತರರಿಗೆ ಕಲಿಸಿದ್ದೇನೆ. ಆಗಿನ ಪದ್ಧತಿಯಲ್ಲಿ ರೋಗಿ ಚಪ್ಪಟೆ ಮಲಗಿಯೇ ಇರಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಆದರೆ ರೋಗಿ ತಾನಾಗಿ ಹೊರಳುವಂತಿಲ್ಲ. ನಾವು ಮೂವರು ಒಂದೇ ಬದಿಗೆ ನಿಂತು, ಹೆಗಲು, ಸೊಂಟ, ಮೊಣಕಾಲು ಮೂರನ್ನೂ ಒಂದೇ ಸಲಕ್ಕೆ ಮರದ ದಿಮ್ಮಿಯಂತೆ ಉರುಳಿಸಬೇಕು. ನಡು ತಿರುಚಬಾರದು. ಎರಡನೆಯ ದಿನದ ಬಳಿಕ ಮೂರನೆಯ ಆಳು ಅನ್ವರಿಯೇ. "ಬಿಸ್ಮಿಲ್ಲಾ" ಎಂದು ಅವಳು ಅಂದಾಗಲೇ ನಾವೆಲ್ಲ ಉರುಳಿಸುತ್ತಿದ್ದದ್ದು. ಮೂತ್ರದ ನಳಿಕೆಯನ್ನು ಮೂರನೆಯ ದಿನ ತೆಗೆದರು. ತಾನಾಗಿ ಹೋದಾಗ ಅನ್ವರಿ ಇಡೀ ವಾರ್ಡಿಗೆ ಕೇಳುವಂತೆ ಆ ಸುದ್ದಿ ಹೇಳಿದಳು. ಚಂದ್ರಭಾಗಾ ನಾಚಿಕೆಯಿಂದ ಚಾದರ ಮುಸುಕು ಹಾಕಿಕೊಂಡಳು.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಮೂರು ವಾರದ ನಂತರ ಮಂಚದ ಅಂಚಿಗೆ ಕೂರಿಸಿದಾಗ ತಲೆ ತಿರುಗಿ ನನ್ನ ಮೇಲೆಯೇ ವಾಲಿದಳು. ಸೊಂಟಕ್ಕೆ ಕ್ಯಾನ್ವಾಸಿನ ಪಟ್ಟಿ ಬಿಗಿದು ನಿಲ್ಲಿಸಿದೆವು. ಮಲಗಿದಲ್ಲಿಂದ ಏಳಬೇಕಾದರೆ ಮೊದಲು ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕೆಂದು ಕಲಿಸಿದೆವು. ಬಗ್ಗಬಾರದು, ಕೊಡ ಎತ್ತಬಾರದು, ಬೀಸುವ ಕಲ್ಲಿನ ಮುಂದೆ ಕೂರಬಾರದು, ಮೂರು ತಿಂಗಳು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಬಾರದು. ದಿನಕ್ಕೆ ಇವತ್ತಿಗಿಂತ ನಾಳೆ ಹತ್ತು ಹೆಜ್ಜೆ ಜಾಸ್ತಿ ನಡೆಯಬೇಕು. ಜ್ವರ ಬಂದರೆ, ಗಾಯ ಸೋರಿದರೆ, ಮೂತ್ರ ಕಟ್ಟಿದರೆ ತಕ್ಷಣ ಬೀದರಿಗೆ ಬರಬೇಕು. ಇವನ್ನೆಲ್ಲ ಕೇಳಿ ಆಕೆ ಕೇಳಿದ್ದು, "ಕುರಿಮರಿ ಎತ್ತಿಕೊಳ್ಳಬಹುದೇನು?" ಕೂಡದು ಎಂದೆ. ಆ ಒಂದಕ್ಕೆ ಮಾತ್ರ ಅತ್ತಳು.

ಆರನೆಯ ವಾರ ಎಕಂಬಾಕ್ಕೆ ಮರಳಿದೆವು. ತಿಂಗಳಿಗೊಮ್ಮೆ ನಮ್ಮ ದವಾಖಾನೆಯ ವ್ಯಾನು ಸಂತಪುರಕ್ಕೆ ಹೋಗುತ್ತಿತ್ತು. ಅಲ್ಲಿಂದ ಬಂಡಿ ಹಿಡಿದು ನಾನು ಆಕೆಯನ್ನು ನೋಡಿ ಬರುತ್ತಿದ್ದೆ. ಎರಡು ಗಾಜಿನ ಕೊಳವೆ ಒಯ್ಯುತ್ತಿದ್ದೆ. ಒಂದರಲ್ಲಿ ಬಿಸಿ ನೀರು, ಇನ್ನೊಂದರಲ್ಲಿ ತಣ್ಣೀರು. ಬೆರಳಿಗೆ ತಾಗಿಸಿ ಯಾವುದೆಂದು ಕೇಳುವುದು. ಮೊದಲ ತಿಂಗಳು ನಾಲ್ಕಕ್ಕೆ ನಾಲ್ಕೂ ಸರಿ ಹೇಳಿದಳು. ನಾನು ಕುಣಿಯುವುದೊಂದು ಬಾಕಿ. ಆಮೇಲೆ ಗೊತ್ತಾಯಿತು, ಆಕೆ ನನ್ನ ಮುಖ ನೋಡಿ ಹೇಳುತ್ತಿದ್ದಳು. ಕಣ್ಣು ಮುಚ್ಚಿಸಿ ಕೇಳಿದಾಗ ಎಲ್ಲ ತಪ್ಪು.

"ನಿನ್ನ ಮುಖ ಖುಷಿ ಆಗ್ಲಿ ಅಂತ ಹೇಳಿದೆ," ಎಂದಳು. ಬೈದೆ. ಅಂದಿನಿಂದ ಕಣ್ಣಿಗೆ ಸೆರಗು ಕಟ್ಟಿಯೇ ಪರೀಕ್ಷೆ. ಐದು ತಿಂಗಳಿಗೆ ಪಾದ ಎಳೆಯುವುದು ನಿಂತಿತು. ಎಂಟು ತಿಂಗಳಿಗೆ ಊರ ಹೊರಗಿನ ಬಾವಿಯವರೆಗೆ ನಡೆದಳು. ಮೊಣಕಾಲ ಕೆಳಗೆ, ಮೀನಖಂಡಕ್ಕೆ, ಹಿಮ್ಮಡಿಗೆ ಸ್ಪರ್ಶ ಇಳಿಯುತ್ತ ಬಂತು. ಹೆಬ್ಬೆರಳಿಗೆ ಬರಲಿಲ್ಲ.

ಅಮಾವಾಸ್ಯೆಗೆ ಜನ ಮತ್ತೆ ಬರತೊಡಗಿದ್ದರು. ಹಿರಿಯರು ಹೇಳಿದಂತೆ ಕಾಲಿನ ಗುಣ ಹರಿದುಹೋಗಿದೆ ಎಂದು ಅವರಾರೂ ನಂಬಿರಲಿಲ್ಲ. ದೊಡ್ಡ ದವಾಖಾನೆಯಲ್ಲಿ ಬೆನ್ನು ರಿಪೇರಿಯಾಗಿ ಬಂದ ಪಾಯಾಳು ಇನ್ನೂ ಗಟ್ಟಿ ಎಂದುಕೊಂಡಿದ್ದರು. ಆಕೆ ಒಬ್ಬರಿಗೂ ಕಾಲಿಡಲಿಲ್ಲ. ಒಮ್ಮೆ ನನ್ನ ಎದುರಿಗೇ ಒಬ್ಬನನ್ನು ವಾಪಸು ಕಳಿಸಿದಳು. ಅವನು ಹೊಸ್ತಿಲ ಮುಂದೆ ಮಲಗಿಯೇ ಬಿಟ್ಟಿದ್ದ.

"ಏಳಪ್ಪಾ," ಎಂದಳು. "ನಿನ್ನ ಬೆನ್ನು ನನ್ನ ಬೆರಳಿಗಿ ತಿಳಿಯಂಗಿಲ್ಲ. ತಿಳೀಲಾರದ ಬೆನ್ನಿನ ಮ್ಯಾಲ ಕಾಲು ಹ್ಯಾಂಗ ಇಡಲಿ? ಬೀದರಕ್ಕ ಹೋಗು."

ದವಾಖಾನೆಯವಳಾಗಿ ನಾನು ಸಂತೋಷಪಡಬೇಕಾಗಿತ್ತು. ಪಡಲಾಗಲಿಲ್ಲ. ಅವನು ಹೋದ ಮೇಲೆ ಆಕೆ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂತಳು. ನಡೆಯುವ ಕಾಲು ಬಂದಿತ್ತು, ಆದರೆ ಆಕೆ ಕೇಳಿದ್ದ ಕಾಲು ಬಂದಿರಲಿಲ್ಲ.

1952ರ ಏಪ್ರಿಲ್. ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ಆ ತಿಂಗಳು ಎಕಂಬಾಕ್ಕೆ ಹೋಗುವ ಎರಡು ದಿನ ಮೊದಲು ನಾನು ವಾರ್ಡಿನಲ್ಲಿ ಜಾರುತ್ತಿದ್ದ ಒಬ್ಬ ಭಾರಿ ಹೆಂಗಸನ್ನು ಒಬ್ಬಳೇ, ನಡು ತಿರುಚಿ ಎತ್ತಿದ್ದೆ. ಎಲ್ಲರಿಗೂ ದಿಮ್ಮಿ ಉರುಳಿಸುವ ಪಾಠ ಹೇಳುವ ಗಂಟುಮೋರೆಯ ಬಾಯಿಯೇ ಹಾಗೆ ಮಾಡಿದ್ದು. ಸೊಂಟ ಹಿಡಿಯಿತು. ಆದರೂ ಹಟಕ್ಕೆ ವ್ಯಾನು ಹತ್ತಿದೆ. ಎಕಂಬಾ ಮುಟ್ಟುವಾಗ ಬಂಡಿಯಿಂದ ಇಳಿಯಲಾಗಲಿಲ್ಲ. ಅನ್ವರಿ ಬೇಗಂ ಮತ್ತು ಮಡೆಪ್ಪ ಸೇರಿ, ನಾನೇ ಕಲಿಸಿದ ರೀತಿಯಲ್ಲಿ ನನ್ನನ್ನು ಇಳಿಸಿದರು. ಅನ್ವರಿಗೆ ನಗು ತಡೆಯಲಾಗಲಿಲ್ಲ.

ಚಂದ್ರಭಾಗಾ ನನ್ನನ್ನೇ ನೋಡುತ್ತಿದ್ದಳು. "ಜೋಮು ಅದನ? ಕಾಲಿಗಿ ಸೆಳೆತ ಇಳೀತದನ? ಮೂತ್ರ ನಟ್ಟಗ ಆಗ್ತದನ?" ನಾನು ಆಕೆಗೆ ಕೇಳಿದ ಪ್ರಶ್ನೆಗಳನ್ನೇ ನನಗೆ ಕೇಳಿದಳು. ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟೆ. "ಹಂಗಾದ್ರ ಬರೀ ಹಿಡದದ. ಮಲಗು," ಎಂದಳು.

"ಇವತ್ತ ಅಮಾಸಿ ಅಲ್ಲ. ನಂದು ಖಾಲಿ ಹೊಟ್ಟಿನೂ ಅಲ್ಲ. ನನಗ ನಂಬಿಕಿನೂ ಇಲ್ಲ," ಎಂದೆ.

"ನನಗೂ ಇಲ್ಲ. ಸುಮ್ಮ ಮಲಗು."

ಬೇರೆ ಯಾರಿಗೂ ಇಡದ ಕಾಲನ್ನು ನನಗೇಕೆ ಇಡಲು ಹೊರಟಳು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ಮೋಸಮಾಡುವ ಭಯ ಆಕೆಗಿರಲಿಲ್ಲ, ನಾನು ನಂಬಿಯೇ ಇರಲಿಲ್ಲವಲ್ಲ. ನಾನು ಒಪ್ಪಿದ್ದು ಏಕೆಂದರೆ ಒಂಟಿ ಕಾಲಿನ ಮೇಲೆ ಆಕೆ ಎಷ್ಟು ಹೊತ್ತು ನಿಲ್ಲಬಲ್ಲಳೆಂದು ನೋಡಬಹುದಿತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಹೊಸ್ತಿಲ ಮುಂದೆ ಬೋರಲು ಮಲಗಿದೆ. ನೆಲ ಸಾರಿಸಿದ ವಾಸನೆ ಬರುತ್ತಿತ್ತು. ಆಕೆ ಬಾಗಿಲ ಕಂಬ ಹಿಡಿದು ಬಲಗಾಲಿನ ಮೇಲೆ ನಿಂತಳು. ಅನ್ವರಿ ಪಕ್ಕದಲ್ಲಿ ಕೈಚಾಚಿ ನಿಂತಳು.

ಬೆರಳು ಒಮ್ಮೆ ತಾಗಿತು, ಎದ್ದಿತು. ತಣ್ಣಗಿತ್ತು, ತುದಿಯಲ್ಲಿ ಸುಟ್ಟ ಕಲೆಯ ಒರಟು. ಎರಡನೆಯ ಸಲ ತಾಗಿತು, ಎದ್ದಿತು. ಮೂರನೆಯ ಸಲ ತಾಗಿದ್ದು ಏಳಲಿಲ್ಲ. ನೋಯುವ ಜಾಗದ ಮೇಲೆಯೇ ಕೂತಿತು. ಆಕೆಯ ಸಮತೋಲ ತಪ್ಪಿತೇನೋ ಎಂದು ನಾನು ಏಳುವುದರಲ್ಲಿದ್ದೆ.

"ಬಿಸಿ ಅದ," ಎಂದಳು ಆಕೆ.

"ಏನ್ರಿ?"

"ನಿನ್ನ ಬೆನ್ನು. ಬಿಸಿ ಅದ, ದೇಬೋರಾ."

ಮೂವತ್ತು ವರ್ಷದಲ್ಲಿ ಆ ಹೊಸ್ತಿಲ ಮುಂದೆ ಯಾರೂ ಮಾಡದ್ದನ್ನು ನಾನು ಮಾಡಿದೆ. ನೋವಿಗೆ ಹಲ್ಲು ಕಚ್ಚಿ ತಿರುಗಿ ನೋಡಿದೆ. ಆಕೆ ಕಂಬವನ್ನು ತಬ್ಬಿ, ಎಡಗಾಲನ್ನು ಗಾಳಿಯಲ್ಲೇ ಹಿಡಿದು, ಅದನ್ನೇ ನೋಡುತ್ತಿದ್ದಳು. ನನ್ನ ಮುಖ ನೋಡಿ ಊಹಿಸಿರಲು ಸಾಧ್ಯವಿರಲಿಲ್ಲ. ನನ್ನ ಮುಖ ನೆಲದ ಕಡೆಗಿತ್ತು. ನಾನು ಅತ್ತೆ. ಗಂಟುಮೋರೆಯವಳು ಹೇಗೆ ಅಳುತ್ತಾಳೆಂದು ನೋಡಲು ಮಡೆಪ್ಪ ಕುರಿದಡ್ಡಿಯಿಂದ ಇಣುಕಿದ.

"ತಿರುಗಿ ನೋಡಬಾರದಿತ್ತು!" ಎಂದು ಚಂದ್ರಭಾಗಾ ರೇಗಿದಳು. ಆಮೇಲೆ ಧ್ವನಿ ಇಳಿಸಿ, "ನೋಡಿಬಿಟ್ಟಿ. ಹೋಗ್ಲಿ, ಹೇಳೂ ಹೇಳು. ನಿನ್ನ ಬ್ಯಾನಿ ಹ್ಯಾಂಗದ?" ಎಂದಳು.

ಅನ್ವರಿ ಆಕೆಯ ಬೆನ್ನ ಹಿಂದಿನಿಂದ ನನಗೆ ಕಣ್ಸನ್ನೆ ಮಾಡಿದಳು. ಕಡಿಮೆಯಾಯಿತೆಂದು ಹೇಳು ಎಂದು ಆ ಸನ್ನೆ. ಹೇಳಬಹುದಿತ್ತು. ಆಕೆ ನನ್ನ ಮುಖವನ್ನು ಅಂಥ ಆಸೆಯಿಂದ ನೋಡುತ್ತಿದ್ದಳು.

"ಅಷ್ಟೇ ಅದ ಅವ್ವಾ," ಎಂದೆ. "ಜರಾನೂ ಕಡಿಮಿ ಆಗಿಲ್ಲ."

ಆಕೆ ಕಾಲನ್ನು ನೆಲಕ್ಕಿಟ್ಟಳು. ಆಮೇಲೆ, ಬೆನ್ನಿನ ರೋಗ ಎಂದು ಮೊದಲ ದಿನ ಕೇಳಿದಾಗ ನಕ್ಕಂತೆಯೇ ನಗಲಿಕ್ಕೆ ಶುರುಮಾಡಿದಳು. "ಅನ್ವರಿ, ಕೇಳಿದ್ಯಾ? ಕಡಿಮಿ ಆಗಿಲ್ಲಂತ! ಒಬ್ಬಾಕಿ ಹೇಳಿದಳು ನೋಡು!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೈಯೂರಿ ಮಗ್ಗುಲಾಗಿ ಏಳಲು ನೋಡಿದೆ. ಆಕೆ ಹೆಗಲು ಹಿಡಿದು ತಡೆದಳು.

"ಮತ್ತೊಮ್ಮೆ ಮಲಗು," ಎಂದಳು.

"ಯಾಕ್ರಿ? ಕಡಿಮಿ ಆಗಿಲ್ಲ ಅಂತ ಹೇಳಿದೆನಲ್ಲ."

"ನಿನಗಲ್ಲ," ಎಂದಳು. "ನನಗ."

ನಾನು ಮತ್ತೆ ಬೋರಲು ಮಲಗಿದೆ.